ಸೋಲುವ ತಂಡದ ಬಗ್ಗೆ ನಗಿಸುತ್ತಾ ಬರೆಯೋದು ಹೇಗೆ?

ನ್ಯೂಜೆರ್ಸಿಯ ಸಣ್ಣ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡ ಸೋಲುತ್ತಲೇ ಇದೆ, ಆಟಗಾರರನ್ನು ಗೇಲಿ ಮಾಡದೆ ಬರೆಯೋದು ಹೇಗೆ ಎಂದು ಕೇಳಿದ್ದೀರಿ.

ಹುಡುಗರನ್ನು ಬಿಡಿ, ವ್ಯವಸ್ಥೆಯನ್ನು ನೋಡಿ ನಗಿ. ಅಲ್ಲಿ ಸರಕು ಬೇಕಾದಷ್ಟಿದೆ. ನವೆಂಬರ್, ಡಿಸೆಂಬರ್‌ನಲ್ಲಿ ದೊಡ್ಡ ವಿಶ್ವವಿದ್ಯಾಲಯಗಳು ದುಡ್ಡು ಕೊಟ್ಟು ಸಣ್ಣ ಕಾಲೇಜುಗಳನ್ನು ತಮ್ಮ ಅಂಗಳಕ್ಕೆ ಕರೆಸುತ್ತವೆ. ಸೋತು ಬನ್ನಿ, ಚೆಕ್ ತಗೊಂಡು ಹೋಗಿ ಅಂತ! ಆ ದುಡ್ಡು ಎಷ್ಟು, ಎಲ್ಲಿಗೆ ಹೋಯಿತು ಎಂದು ವಿಚಾರಿಸಿ ಬರೆಯಿರಿ.

ನಿಮ್ಮದೇ ರಾಜ್ಯದ ಫೇರ್‌ಲೀ ಡಿಕಿನ್ಸನ್ ವಿಶ್ವವಿದ್ಯಾಲಯದ ಕಥೆ ನೋಡಿ. 2023ರಲ್ಲಿ ಅವರು ತಮ್ಮ ಕಾನ್ಫರೆನ್ಸ್ (ಕಾಲೇಜುಗಳ ಗುಂಪು) ಫೈನಲ್‌ನಲ್ಲಿ ಮೆರಿಮ್ಯಾಕ್ ಕಾಲೇಜಿನ ಎದುರು ಒಂದೇ ಅಂಕದಿಂದ ಸೋತರು. ಆದರೆ ಮೆರಿಮ್ಯಾಕ್ ಕೆಳಗಿನ ಹಂತವಾದ ಡಿವಿಷನ್ ಎರಡರಿಂದ ಮೇಲೆ ಬಂದು ಇನ್ನೂ ಕಾಯುವ ಅವಧಿಯಲ್ಲಿತ್ತು, ರಾಷ್ಟ್ರೀಯ ಟೂರ್ನಿಗೆ ಹೋಗುವಂತಿರಲಿಲ್ಲ. ಗೆದ್ದವರು ಮನೆಗೆ, ಸೋತವರು ರಾಷ್ಟ್ರೀಯ ಟೂರ್ನಿಗೆ! ಅಲ್ಲಿ 16ನೇ, ಅಂದರೆ ಕಟ್ಟಕಡೆಯ ಶ್ರೇಯಾಂಕದ ಈ ಕುಳ್ಳರ ತಂಡ, ಏಳಡಿ ನಾಲ್ಕಿಂಚಿನ ಝಾಕ್ ಈಡಿ ಇದ್ದ ಪರ್ಡ್ಯೂ ವಿಶ್ವವಿದ್ಯಾಲಯವನ್ನು 63-58ರಿಂದ ಮನೆಗೆ ಕಳಿಸಿತು. ಇದಕ್ಕೆ ನೀವು ಹಾಸ್ಯ ಸೇರಿಸಬೇಕಾಗಿಲ್ಲ, ನಡೆದದ್ದನ್ನು ಬರೆದರೆ ಸಾಕು. ಸ್ವಲ್ಪ ದಿನದಲ್ಲೇ ಫೇರ್‌ಲೀ ಡಿಕಿನ್ಸನ್ ಕೋಚ್ ಬೇರೆ ಕಾಲೇಜಿಗೆ ಹೋದರು. ಅದನ್ನೂ ಬಿಡಬೇಡಿ.

ಇನ್ನು ಪ್ರಾಮಾಣಿಕತೆ. ಮೂವತ್ತು ಅಂಕದಿಂದ ಸೋತಾಗ ಸುಮ್ನೆ 'ವೀರೋಚಿತ ಹೋರಾಟ' ಅನ್ನಬೇಡಿ. ಫ್ರೀ ಥ್ರೋ ಎಷ್ಟು ಎಸೆದರು, ಎಷ್ಟು ತಪ್ಪಿತು ಅಂತ ಲೆಕ್ಕ ಕೊಡಿ. ಹತ್ತೊಂಬತ್ತರ ಹುಡುಗನ ಹೆಸರು ಹಿಡಿದು ಮಾತ್ರ ಚುಚ್ಚಬೇಡಿ. ಲಕ್ಷಗಟ್ಟಲೆ ಡಾಲರ್ ಎಣಿಸುವ ಕೋಚ್‌ಗಳನ್ನು ಚುಚ್ಚಬಹುದು, ಅಲ್ವಾ?