ಆಫೀಸಿನ ಹತ್ತಿರ ಹಲ್ಲಿನ ಡಾಕ್ಟರು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮನೆ ಕೆಂಗೇರಿಯಲ್ಲಿ, ಕೆಲಸ ವೈಟ್‌ಫೀಲ್ಡ್ ಕಡೆಯ ಐಟಿ ಪಾರ್ಕಿನಲ್ಲಿ. ಬೆಳಗ್ಗೆ ಮೆಟ್ರೊ ಹತ್ತಿದರೆ ಮನೆ ಸೇರುವಷ್ಟರಲ್ಲಿ ರಾತ್ರಿ. ಕೆಳಗಿನ ದವಡೆ ಹಲ್ಲು ಹುಳುಕಾಗಿ ರೂಟ್ ಕೆನಾಲ್ ಬೇಕಾಗಬಹುದು ಎಂದಿದ್ದಾರೆ. ಆಫೀಸಿನ ಹತ್ತಿರವೇ ಮಾಡಿಸಿಕೊಳ್ಳಬಹುದೇ?
– ಓದುಗರು, ಕೆಂಗೇರಿ

ಮಾಡಿಸಿಕೊಳ್ಳಿ. ರೂಟ್ ಕೆನಾಲ್ ಅಂದರೆ ಹಲ್ಲಿನ ಬೇರಿನೊಳಗಿನ ನಾಳಗಳನ್ನು ಶುಚಿ ಮಾಡಿ ತುಂಬುವುದು. ಅದು ಒಂದೇ ಸಲಕ್ಕೆ ಮುಗಿಯುವುದೂ ಉಂಟು. ಆದರೆ ದವಡೆ ಹಲ್ಲಿನಲ್ಲಿ ಸಾಮಾನ್ಯವಾಗಿ ಮೂರು-ನಾಲ್ಕು ನಾಳಗಳಿರುವುದರಿಂದ, ಕೀವಿದ್ದರೆ ಎರಡು-ಮೂರು ಸಲ ಹೋಗಬೇಕಾಗುತ್ತದೆ. ಆಮೇಲೆ ಹಲ್ಲು ಅರೆದು ಅಳತೆ ಕೊಡಲು ಒಮ್ಮೆ, ಸುಮಾರು ವಾರ ಬಿಟ್ಟು ಕ್ಯಾಪ್ ಕೂರಿಸಲು ಇನ್ನೊಮ್ಮೆ. ಇಷ್ಟು ಓಡಾಟಕ್ಕೆ ನಡೆದು ಹೋಗುವಷ್ಟು ದೂರದ ಕ್ಲಿನಿಕ್ಕೇ ಅನುಕೂಲ. ದೂರವಾದರೆ ಆಗುವುದು ಇಷ್ಟೇ: ಮೊದಲ ಸಲಕ್ಕೇ ನೋವು ನಿಲ್ಲುತ್ತದೆ, ಜನ ಮತ್ತೆ ಹೋಗುವುದಿಲ್ಲ. ತಾತ್ಕಾಲಿಕ ಸಿಮೆಂಟು ಕೆಲವು ವಾರಗಳಲ್ಲಿ ಸವೆದು ಸೋರಿ ಒಳಗೆ ಮತ್ತೆ ಸೋಂಕಾಗುತ್ತದೆ. ಕ್ಯಾಪಿಲ್ಲದ ಹಲ್ಲು ಚಕ್ಕುಲಿ ಕಡಿದಾಗ ಉದ್ದಕ್ಕೆ ಸೀಳಬಹುದು. ಸೀಳು ಬೇರಿನ ತನಕ ಇಳಿದರೆ ಹಲ್ಲು ಕೀಳದೆ ಬೇರೆ ದಾರಿಯಿಲ್ಲ. ಉಳಿಸಬಹುದಾಗಿದ್ದ ಎಷ್ಟೋ ಹಲ್ಲುಗಳು ಹೋಗುವುದು ಹೀಗೆಯೇ.

ಫೋನಿನಲ್ಲಿ ಮೊದಲು ಕೇಳಬೇಕಾದದ್ದು ದರವಲ್ಲ. ‘ರೂಟ್ ಕೆನಾಲ್ ಮಾಡುವವರು ಯಾರು, ಯಾವ ದಿನ ಬರುತ್ತಾರೆ?’ ಎಂದು. ವ್ಯಾಪಾರ ಪ್ರದೇಶದ ಎಷ್ಟೋ ಕ್ಲಿನಿಕ್‌ಗಳಲ್ಲಿ ದಿನವೂ ಇರುವವರು ಬಿಡಿಎಸ್, ಅಂದರೆ ದಂತ ವೈದ್ಯಕೀಯ ಪದವಿ ಮಾಡಿದ ವೈದ್ಯರು. ಬೇರಿನ ಚಿಕಿತ್ಸೆಯಲ್ಲಿ ಎಂಡಿಎಸ್, ಅಂದರೆ ಸ್ನಾತಕೋತ್ತರ ಪದವಿ ಪಡೆದ ತಜ್ಞರು ವಾರಕ್ಕೆ ಒಂದೋ ಎರಡೋ ದಿನ ಬಂದು ಹೋಗುತ್ತಾರೆ. ಇದರಲ್ಲಿ ತಪ್ಪೇನಿಲ್ಲ, ಸರಳ ಪ್ರಕರಣಗಳನ್ನು ಬಿಡಿಎಸ್ ವೈದ್ಯರೂ ಚೆನ್ನಾಗಿ ಮಾಡುತ್ತಾರೆ. ಆದರೆ ತಜ್ಞರು ಹೋದ ರಾತ್ರಿ ಬಾವು ಬಂದರೆ ನೋಡುವವರು ಯಾರು ಎಂಬುದಕ್ಕೆ ನೇರ ಉತ್ತರ ಸಿಗಬೇಕು. ಶನಿವಾರ, ಭಾನುವಾರ ತೆರೆದಿರುತ್ತದೆಯೇ ಎಂದೂ ಕೇಳಿಕೊಳ್ಳಿ. ಐಟಿ ಪಾರ್ಕಿನ ಒಳಗಿನ ಕ್ಲಿನಿಕ್‌ಗಳು ವಾರಾಂತ್ಯದಲ್ಲಿ ಮುಚ್ಚಿರುವುದುಂಟು.

ಹಲ್ಲು ಕೀಳಿಸುವುದಾದರೆ ಇದೇ ಕಾರಣಕ್ಕೆ ಸೋಮವಾರವೋ ಮಂಗಳವಾರವೋ ಹೋಗಿ. ರಕ್ತ ಜಿನುಗುವುದು ಮೊದಲ ದಿನ. ಗಾಯದ ಹೆಪ್ಪು ಕಳಚಿ ಎಲುಬು ತೆರೆದುಕೊಂಡರೆ ಕಿವಿಯವರೆಗೆ ಎಳೆಯುವ ನೋವು ಎರಡರಿಂದ ನಾಲ್ಕನೇ ದಿನದೊಳಗೆ ಶುರುವಾಗುತ್ತದೆ. ಎರಡಕ್ಕೂ ಆಗ ಕ್ಲಿನಿಕ್ ತೆರೆದಿರುತ್ತದೆ. ಹತ್ತಿಯನ್ನು ಅರ್ಧದಿಂದ ಮುಕ್ಕಾಲು ಗಂಟೆ ಕಚ್ಚಿಕೊಂಡಿರಿ. ಆ ದಿನವಿಡೀ ಉಗುಳುವುದು, ಸ್ಟ್ರಾ ಹಾಕಿ ಕುಡಿಯುವುದು, ಸಿಗರೇಟು ಬೇಡ.

ಸಮಯದ ಮಾತಿಗೆ ಬಂದರೆ, ಊಟದ ಬಿಡುವಿನಲ್ಲಿ ಹೋಗಬೇಡಿ. ಕೆಳದವಡೆಗೆ ಇಂಜೆಕ್ಷನ್ ಕೊಟ್ಟರೆ ತುಟಿ, ನಾಲಿಗೆ ಎರಡು-ಮೂರು ಗಂಟೆ ಮರಗಟ್ಟಿರುತ್ತವೆ, ಕೆಲವೊಮ್ಮೆ ಇನ್ನೂ ಹೆಚ್ಚು. ಮಾತು ತೊದಲುತ್ತದೆ, ಬಿಸಿ ಕಾಫಿ ಸುಟ್ಟರೂ ಗೊತ್ತಾಗುವುದಿಲ್ಲ, ಊಟ ಮಾಡುವಾಗ ಕೆನ್ನೆ ಕಚ್ಚಿಕೊಂಡು ಹುಣ್ಣಾಗುತ್ತದೆ. ಊಟ ಮುಗಿಸಿ, ಹಲ್ಲುಜ್ಜಿ, ಸಂಜೆ ಐದರ ಹೊತ್ತಿಗೆ ಹೋಗಿ ಅಲ್ಲಿಂದಲೇ ಮನೆಗೆ ಹೊರಡಿ.

ಅರ್ಧ ದಿನ ರಜೆ ಸಿಗುವುದಾದರೆ ದಂತ ಕಾಲೇಜೂ ಒಳ್ಳೆಯ ದಾರಿ. ನೀವು ದಿನವೂ ಓಡಾಡುವ ನೇರಳೆ ಮಾರ್ಗದ ನಲ್ಲೂರಹಳ್ಳಿ ನಿಲ್ದಾಣದ ಹತ್ತಿರ ವೈದೇಹಿ ದಂತ ಕಾಲೇಜಿದೆ. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ ಕೆ.ಆರ್. ಮಾರುಕಟ್ಟೆಯಲ್ಲಿ ಇಳಿದರೆ ವಿಕ್ಟೋರಿಯಾ ಆಸ್ಪತ್ರೆ ಆವರಣದ ಕಡೆ ಸರ್ಕಾರಿ ದಂತ ಕಾಲೇಜು. ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿಗಳು ಮಾಡುವುದರಿಂದ ಖರ್ಚು ಕಡಿಮೆ, ಹೊತ್ತು ಜಾಸ್ತಿ.

ಹಲ್ಲಿಗೆ ಕ್ಲಿಪ್ ಹಾಕಿಸುವುದನ್ನು ಮಾತ್ರ ಮನೆ ಹತ್ತಿರ ಇಟ್ಟುಕೊಳ್ಳಿ. ಅದು ಒಂದೂವರೆ-ಎರಡು ವರ್ಷದ ಕೆಲಸ. ನಡುವೆ ಕಂಪನಿ ಬದಲಾದರೆ, ಒಬ್ಬರು ಶುರು ಮಾಡಿದ್ದನ್ನು ಮುಂದುವರಿಸಲು ಇನ್ನೊಬ್ಬ ತಜ್ಞರು ಸುಲಭಕ್ಕೆ ಒಪ್ಪುವುದಿಲ್ಲ.

ಪ್ರಶ್ನೆ: ಹೊಳೆಯುವ ಗಾಜಿನ ಬಾಗಿಲ ಕ್ಲಿನಿಕ್ಕೆಲ್ಲ ಚೊಕ್ಕವಾಗಿಯೇ ಕಾಣುತ್ತದೆ. ಒಳಗೆ ನಿಜವಾಗಿ ಏನು ನೋಡಬೇಕು?
– ಓದುಗರು, ಎಚ್‌ಎಸ್‌ಆರ್ ಬಡಾವಣೆ

ಗೋಡೆ ನೋಡಿ, ಆಮೇಲೆ ಟ್ರೇ ನೋಡಿ. ಗೋಡೆಯ ಮೇಲೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ, ಅಂದರೆ ಕೆಪಿಎಂಇ ನೋಂದಣಿ ಪತ್ರ ಕಾಣುವಂತಿರಬೇಕು. ವೈದ್ಯರ ಹೆಸರಿನ ಜತೆ ದಂತ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆಯೂ ಇರಬೇಕು.

ಉಪಕರಣಗಳು ಒಂದು ಬದಿ ಕಾಗದ, ಇನ್ನೊಂದು ಬದಿ ಪ್ಲಾಸ್ಟಿಕ್ ಇರುವ ಮುಚ್ಚಿದ ಚೀಲದಲ್ಲಿ ಬರಬೇಕು, ಅದನ್ನು ನಿಮ್ಮ ಕಣ್ಣೆದುರೇ ಹರಿಯಬೇಕು. ಚೀಲದ ಅಂಚಿನಲ್ಲೊಂದು ಪುಟ್ಟ ಗುರುತಿರುತ್ತದೆ. ಉಪಕರಣ ಶುದ್ಧಿ ಮಾಡುವ ಯಂತ್ರವಾದ ಆಟೊಕ್ಲೇವ್‌ನ ಹಬೆಗೆ ಅದರ ಬಣ್ಣ ತಿರುಗುತ್ತದೆ. ತಿರುಗಿಲ್ಲವೆಂದರೆ ಆ ಚೀಲ ಆಟೊಕ್ಲೇವ್‌ಗೆ ಹೋಗಿಲ್ಲ. 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 15 ನಿಮಿಷ, ಇಲ್ಲವೇ 134 ಡಿಗ್ರಿಯಲ್ಲಿ ಕೆಲವೇ ನಿಮಿಷ ಒತ್ತಡದ ಹಬೆಯಲ್ಲಿಟ್ಟರೆ ರೋಗಾಣುಗಳು ಸಾಯುತ್ತವೆ. ಬರೀ ಸ್ಪಿರಿಟ್‌ನಲ್ಲಿ ಒರೆಸಿದರೆ ಸಾಲದು. ರೂಟ್ ಕೆನಾಲ್ ವೇಳೆ ಹಲ್ಲಿನ ಸುತ್ತ ರಬ್ಬರ್ ಹಾಳೆ ಕಟ್ಟುತ್ತೀರಾ ಎಂದೂ ಕೇಳಿ. ಎಂಜಲು ಒಳಗಿಳಿಯದಂತೆ, ಸೂಜಿಯಂಥ ಫೈಲು ಗಂಟಲಿಗೆ ಜಾರದಂತೆ ಅದು ತಡೆಯುತ್ತದೆ. ಕೇಳಲು ಸಂಕೋಚ ಬೇಡ, ಒಳ್ಳೆಯ ವೈದ್ಯರು ಖುಷಿಯಿಂದಲೇ ತೋರಿಸುತ್ತಾರೆ.

ಪ್ರಶ್ನೆ: ಆಫೀಸಿನ ಉಚಿತ ತಪಾಸಣಾ ಶಿಬಿರದಲ್ಲಿ ಎಂಟು ಹಲ್ಲು ಹುಳುಕು ಎಂದು ಪಟ್ಟಿ ಕೊಟ್ಟರು. ನೋವು ಒಂದರಲ್ಲೂ ಇಲ್ಲ. ನಂಬಲೇ?
– ಓದುಗರು, ಮಾರತ್ತಹಳ್ಳಿ

ಬರೀ ಕಣ್ಣಲ್ಲಿ ನೋಡಿ ಬರೆದ ಪಟ್ಟಿಗೆ ದುಡ್ಡು ಕಟ್ಟಬೇಡಿ. ನೋವಿಲ್ಲವೆಂದರೆ ಹುಳುಕಿಲ್ಲವೆಂದೂ ಅಲ್ಲ. ಹಲ್ಲಿನ ಗೆರೆಯಲ್ಲಿ ಕಪ್ಪಗಿರುವುದೆಲ್ಲ ಹುಳುಕಲ್ಲ, ಎಷ್ಟೋ ಸಲ ಅದು ಬರೀ ಕಲೆ. ಎರಡು ಹಲ್ಲುಗಳ ಸಂದಿಯ ಹುಳುಕಂತೂ ಎಕ್ಸ್‌ರೇ ಇಲ್ಲದೆ ಸರಿಯಾಗಿ ತಿಳಿಯದು. ಪಟ್ಟಿಯಲ್ಲಿ ಹಲ್ಲಿನ ಸಂಖ್ಯೆ ಬರೆಸಿಕೊಳ್ಳಿ: 36 ಎಂದರೆ ಎಡಗೆಳಗಿನ ಮೊದಲ ದೊಡ್ಡ ದವಡೆ ಹಲ್ಲು, 46 ಎಂದರೆ ಬಲಗೆಳಗಿನದು. ಎಕ್ಸ್‌ರೇ ತೆಗೆಸಿ, ಅದರ ಪ್ರತಿ ಕೇಳಿ ಪಡೆಯಿರಿ. ಬೇರೊಬ್ಬ ವೈದ್ಯರಿಗೆ ಎಕ್ಸ್‌ರೇ ಮಾತ್ರ ತೋರಿಸಿ, ಪಟ್ಟಿ ತೋರಿಸಬೇಡಿ. ಇಬ್ಬರೂ ಹೇಳಿದ ಹಲ್ಲುಗಳಿಂದ ಶುರು ಮಾಡಿ.

ರೂಟ್ ಕೆನಾಲ್ ದರದಲ್ಲಿ ಕ್ಯಾಪ್ ಸೇರಿದೆಯೋ ಇಲ್ಲವೋ ಬರಹದಲ್ಲಿ ಇರಲಿ. ಕಂಪನಿಯ ವಿಮೆ ಸಾಮಾನ್ಯವಾಗಿ ಅಪಘಾತದ ಹೊರತು ಹಲ್ಲಿಗೆ ಹಣ ಕೊಡುವುದಿಲ್ಲ. ಹೊರರೋಗಿ ಸೌಲಭ್ಯ ಬೇರೆ ಇದೆಯೇ ಎಂದು ಎಚ್‌ಆರ್‌ನಲ್ಲಿ ವಿಚಾರಿಸಿ.

ಎಲ್ಲ ಓದುಗರಿಗೂ: ಹಲ್ಲುನೋವಿನ ಜತೆ ದವಡೆಯಡಿ ಊತ, ಜ್ವರ, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟ ಕಂಡರೆ ಕ್ಲಿನಿಕ್ ಹುಡುಕುತ್ತ ಕೂರಬೇಡಿ. ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಆಗಲೇ ಹೊರಡಿ. ಆ ಊತ ಉಸಿರಿನ ದಾರಿಯನ್ನೇ ಮುಚ್ಚಬಲ್ಲದು.