ಸ್ಪ್ರೇಯರಿನ ಲಿಥಿಯಂ ಬ್ಯಾಟರಿ: ಯಾವ ವೋಲ್ಟೇಜಿಗೆ ನಿಲ್ಲಿಸಬೇಕು?

ಪ್ರಶ್ನೆ: ಈರುಳ್ಳಿ ಹೊಲಕ್ಕೆ ಔಷಧಿ ಹೊಡೆಯುವ 16 ಲೀಟರಿನ ಸ್ಪ್ರೇಯರಿನಲ್ಲಿದ್ದ 12 ವೋಲ್ಟಿನ ಆಸಿಡ್ ಬ್ಯಾಟರಿ ಕೆಟ್ಟಿದ್ದರಿಂದ, ಚಿತ್ರದುರ್ಗದಲ್ಲಿ ಮೂರು ಸೆಲ್‌ಗಳ ಲಿಥಿಯಂ ಪ್ಯಾಕ್ ಹಾಗೂ ಅಂಕಿ ತೋರಿಸುವ ಕಟ್‌ಆಫ್ ಬೋರ್ಡ್ (ವೋಲ್ಟೇಜು ಇಟ್ಟ ಅಂಕಿಗೆ ಇಳಿದೊಡನೆ ಮೋಟಾರು ನಿಲ್ಲಿಸುವಂಥದ್ದು) ಹಾಕಿಸಿದ್ದೇನೆ. ಅಂಗಡಿಯವರು 10.5 ವೋಲ್ಟಿಗೆ ಇಟ್ಟುಕೊಟ್ಟರು. ಮೋಟಾರು ಸಾಲಿನ ಮಧ್ಯದಲ್ಲೇ ನಿಂತು, ಒಂದು ನಿಮಿಷದ ನಂತರ ತಾನೇ ಓಡಿ, ಮತ್ತೆ ನಿಲ್ಲುತ್ತದೆ. 9ಕ್ಕೆ ಇಳಿಸೋಣವೆಂದು ಮಗ ಹೇಳುತ್ತಾನೆ. ಯಾವುದು ಸರಿ?
– ಚಳ್ಳಕೆರೆ ತಾಲ್ಲೂಕಿನ ಓದುಗರು

ಉತ್ತರ: 10.5 ಎಂಬುದು ಆಸಿಡ್ ಬ್ಯಾಟರಿಯ ಲೆಕ್ಕ. ಅದರ ಆರು ಕೋಶಗಳಿಗೆ ತಲಾ 1.75 ವೋಲ್ಟ್. ನಿಮ್ಮ ಪ್ಯಾಕಿನಲ್ಲಿ ಇರುವುದು ಮೂರೇ ಸೆಲ್ ಆದ್ದರಿಂದ ಅದು ತಲಾ 3.5ಕ್ಕೇ ನಿಲ್ಲುತ್ತದೆ, ಬಳಸಬಹುದಾದ ಚಾರ್ಜ್ ಒಳಗೇ ಉಳಿಯುತ್ತದೆ. ಮಗನ 9 ಎಂದರೆ ತಲಾ 3. ಕಾಗದದ ಮೇಲೆ ಅದು ತಪ್ಪಲ್ಲ. ಆದರೆ ಮೂರು ಸೆಲ್‌ಗಳೂ ಒಂದೇ ಸಮ ಇಳಿಯುವುದಿಲ್ಲ. ಬೋರ್ಡು 9 ತೋರಿಸುವಾಗ ಎರಡು 3.2ರಲ್ಲಿದ್ದು, ಸೊರಗಿದ ಮೂರನೆಯದು ಆಗಲೇ 2.6ಕ್ಕೆ ಬಂದಿರಬಹುದು. ಇನ್ನೂ ಕೆಳಗಿಳಿದು 2 ವೋಲ್ಟಿನ ಆಚೀಚೆ ಬಹಳ ಹೊತ್ತು ಉಳಿದ ಸೆಲ್‌ನಲ್ಲಿ ತಾಮ್ರದ ಹಾಳೆ ಕರಗತೊಡಗುತ್ತದೆ, ಮತ್ತೆ ಚಾರ್ಜಿಗೆ ಹಾಕಿದಾಗ ಆ ತಾಮ್ರ ಬೇರೆಡೆ ಕೂತು ಒಳಗೇ ಶಾರ್ಟ್ ಆಗುವ ಅಪಾಯವಿದೆ.

ನಾನಾದರೆ 9.6ಕ್ಕೆ ಇಡುತ್ತೇನೆ. ಮೋಟಾರು 3 ಆಂಪಿಯರ್ ಎಳೆಯುತ್ತಿದ್ದು, ಪ್ಯಾಕು ಮತ್ತು ತಂತಿಯ ರೋಧ 0.15 ಓಮ್ ಇದೆ ಎಂದುಕೊಂಡರೆ, ಓಡುವಾಗ ಸುಮಾರು ಅರ್ಧ ವೋಲ್ಟ್ ಕಡಿಮೆ ಕಾಣುತ್ತದೆ, ಅಂದರೆ 9.6ರಲ್ಲಿ ನಿಂತ ಪ್ಯಾಕು ವಿಶ್ರಾಂತಿಯಲ್ಲಿ 10ರ ಮೇಲೇ ಇರುತ್ತದೆ. ಅದರ ಕೆಳಗೆ ಉಳಿದಿರುವುದು ಅತ್ಯಲ್ಪ, ಅದಕ್ಕಾಗಿ ಸೆಲ್ಲನ್ನು ಹಿಂಡುವುದು ಲಾಭದ ಮಾತಲ್ಲ.

ನಿಂತು ಓಡುವ ಕಾಟಕ್ಕೂ ಕಾರಣ ಇದೇ. ಹೊರೆ ತಪ್ಪಿದೊಡನೆ ವೋಲ್ಟೇಜು ಏರುತ್ತದೆ, ಬೋರ್ಡು ಮೋಸಹೋಗಿ ಮೋಟಾರನ್ನು ಮತ್ತೆ ಹಚ್ಚುತ್ತದೆ. ಬೋರ್ಡಿನಲ್ಲಿ ಮರುಚಾಲನೆಯ ಅಂಕಿ ಬೇರೆಯೇ ಇರುತ್ತದೆ, ಅದನ್ನು 11.4ಕ್ಕೆ ಏರಿಸಿದರೆ ಚಾರ್ಜ್ ಮಾಡುವ ತನಕ ಮೋಟಾರು ಏಳುವುದಿಲ್ಲ. ಪೂರ್ತಿ ಖಾಲಿ ಮಾಡಿಯೇ ಚಾರ್ಜಿಗೆ ಹಾಕಬೇಕೆಂಬ ಮಾತು ನಿಕಲ್-ಕ್ಯಾಡ್ಮಿಯಂ ಕಾಲದ್ದು, ಲಿಥಿಯಂಗೆ ಅನ್ವಯಿಸದು.

ಇಷ್ಟೆಲ್ಲ ಸೆಲ್ ಮೇಲೆ 3.6 ಅಥವಾ 3.7 ವೋಲ್ಟ್ ಎಂದು ಅಚ್ಚಾಗಿದ್ದರೆ ಮಾತ್ರ. 3.2 ಎಂದಿದ್ದರೆ ಅದು ಐರನ್ ಫಾಸ್ಫೇಟ್ ಜಾತಿ. ಅಂಥವು 12 ವೋಲ್ಟಿನ ಸ್ಪ್ರೇಯರಿಗೆ ನಾಲ್ಕು ಬೇಕು, ಚಾರ್ಜರೂ ಬೇರೆ. ಬೆಳೆ ಮುಗಿದ ಮೇಲೆ ಪ್ಯಾಕನ್ನು 11.4ರ ಸುಮಾರಿಗೆ ಚಾರ್ಜ್ ಮಾಡಿ, ಬೋರ್ಡಿನಿಂದ ಬಿಚ್ಚಿಡಿ. ಮೋಟಾರು ನಿಂತಿದ್ದರೂ ಆ ಪುಟ್ಟ ಕೆಂಪು ಅಂಕಿಗಳು ಉರಿಯುವುದು ಅದೇ ಸೆಲ್‌ಗಳ ಖರ್ಚಿನಲ್ಲಿ.