ಹಳದಿ ಲೋಳೆಯ ಬಣ್ಣ, ಮೊಟ್ಟೆಯ ಗುಣ: ಕೋಳಿಯ ಆಹಾರ ಯಾವುದನ್ನು ಎಷ್ಟು ಬದಲಿಸುತ್ತದೆ?

ನಿಮ್ಮ ಪ್ರಶ್ನೆಯಲ್ಲಿ ಎರಡು ಸಂದೇಹಗಳಿವೆ. ಕೋಳಿಗಳ ಆಹಾರ ಬದಲಿಸಿದ ಮೇಲೆ ಮೊಟ್ಟೆಯ ಹಳದಿ ಏಕೆ ಪೇಲವವಾಯಿತು ಎಂಬುದು ಒಂದು. ಅಂತಹ ಮೊಟ್ಟೆಯಲ್ಲಿ ಸತ್ವ ಕಡಿಮೆಯೇ ಎಂಬುದು ಇನ್ನೊಂದು. ಬಣ್ಣದ ಬದಲಾವಣೆಗೆ ಬಹುಮಟ್ಟಿಗೆ ಹೊಸ ಆಹಾರವೇ ಕಾರಣ. ಆದರೆ ಸತ್ವದ ವಿಚಾರವನ್ನು ಬಣ್ಣ ನೋಡಿ ತೀರ್ಮಾನಿಸಲಾಗದು. ಕೋಳಿ ಸಾಕುವವನಾಗಿ ನಾನು ಇವೆರಡನ್ನೂ ಬೇರೆಬೇರೆಯಾಗಿಯೇ ನೋಡುತ್ತೇನೆ. ಏಕೆಂದರೆ ಆಹಾರವು ಮೊಟ್ಟೆಯ ಗುಣವನ್ನು ನಿಜವಾಗಿ ಬದಲಿಸುವುದು ಹೆಚ್ಚಾಗಿ ನಮ್ಮ ಕಣ್ಣಿಗೆ ಕಾಣದ ರೀತಿಯಲ್ಲಿ.

ಹಳದಿ ಲೋಳೆಗೆ ಬಣ್ಣ ಬರುವುದು ಕ್ಯಾರೊಟಿನಾಯ್ಡ್ ಗುಂಪಿನ ವರ್ಣದ್ರವ್ಯಗಳಿಂದ, ಅವುಗಳಲ್ಲೂ ಮುಖ್ಯವಾಗಿ ಲ್ಯೂಟಿನ್ ಮತ್ತು ಝಿಯಾಕ್ಸಾಂಥಿನ್‌ಗಳಿಂದ. ಕೋಳಿಯ ದೇಹ ಇವನ್ನು ತಾನಾಗಿ ತಯಾರಿಸಲಾರದು; ತಿಂದದ್ದರಲ್ಲಿ ಇದ್ದರೆ ಮಾತ್ರ ಅವು ಕೊಬ್ಬಿನೊಂದಿಗೆ ರಕ್ತಕ್ಕೆ ಸೇರಿ, ಅಲ್ಲಿಂದ ಅಂಡಾಶಯದಲ್ಲಿ ಬೆಳೆಯುತ್ತಿರುವ ಹಳದಿಯನ್ನು ತಲುಪುತ್ತವೆ. ಹಳದಿ ಮೆಕ್ಕೆಜೋಳ, ಹಸಿರು ಹುಲ್ಲು, ಸೊಪ್ಪು, ಕುದುರೆ ಮೆಂತೆ ಮುಂತಾದವುಗಳಲ್ಲಿ ಇವು ಧಾರಾಳವಾಗಿವೆ. ಗೋಧಿ, ಅಕ್ಕಿ ನುಚ್ಚು, ಬಿಳಿ ಜೋಳ, ಬಿಳಿ ಮೆಕ್ಕೆಜೋಳಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ನಿಮ್ಮ ಹೊಸ ಆಹಾರದಲ್ಲಿ ಮೆಕ್ಕೆಜೋಳದ ಪಾಲನ್ನು ಗೋಧಿ ಅಥವಾ ನುಚ್ಚು ಆಕ್ರಮಿಸಿದ್ದರೆ ಹಳದಿ ಪೇಲವವಾಗಲು ಅಷ್ಟೇ ಸಾಕು. ಕ್ಯಾರೆಟ್ ತಿನ್ನಿಸಿದರೆ ಬಣ್ಣ ಬರುತ್ತದೆ ಎಂದು ಹಲವರು ನಂಬುತ್ತಾರೆ. ಆದರೆ ಕ್ಯಾರೆಟ್‌ನಲ್ಲಿ ಹೆಚ್ಚಾಗಿರುವ ಬೀಟಾ ಕ್ಯಾರೊಟಿನ್‌ನ ಬಹುಭಾಗವನ್ನು ಕೋಳಿಯ ದೇಹ ಎ ಜೀವಸತ್ವವಾಗಿ ಮಾರ್ಪಡಿಸಿಕೊಳ್ಳುವುದರಿಂದ ಬಣ್ಣವಾಗಿ ಹಳದಿಗೆ ಸೇರುವ ಪಾಲು ಅತ್ಯಲ್ಪ.

ಈ ಬದಲಾವಣೆ ಒಂದೇ ದಿನದಲ್ಲಿ ಆಗುವುದಿಲ್ಲ. ಮೊಟ್ಟೆ ಇಡುವುದಕ್ಕೆ ಮುಂಚಿನ ಸುಮಾರು ಹತ್ತು ದಿನಗಳಲ್ಲಿ ಹಳದಿಯು ಮರದ ಕಾಂಡದ ಉಂಗುರಗಳಂತೆ ಪದರದ ಮೇಲೆ ಪದರವಾಗಿ ವೇಗವಾಗಿ ಬೆಳೆಯುತ್ತದೆ. ಕೊಬ್ಬಿನಲ್ಲಿ ಕರಗುವ ಬಣ್ಣವನ್ನು ಒಂದು ದಿನ ತಿನ್ನಿಸಿ ಮರುದಿನ ನಿಲ್ಲಿಸಿದರೆ ಬೇಯಿಸಿದ ಹಳದಿಯನ್ನು ಕೊಯ್ದಾಗ ಆ ದಿನದ ಪದರ ಉಂಗುರವಾಗಿ ಎದ್ದು ಕಾಣುತ್ತದೆ. ಹಳದಿಯ ಬೆಳವಣಿಗೆಯನ್ನು ಅಭ್ಯಾಸ ಮಾಡಿದ ವಿಜ್ಞಾನಿಗಳು ಈ ವಿಧಾನವನ್ನೇ ಬಳಸಿದ್ದಾರೆ. ಹಾಗಾಗಿ ಆಹಾರ ಬದಲಿಸಿದ ಕೆಲವು ದಿನಗಳಲ್ಲಿ ಬಣ್ಣ ಸರಿಯಲು ಆರಂಭಿಸಿ, ಎರಡು ವಾರಗಳ ಹೊತ್ತಿಗೆ ಹೊಸ ಮಟ್ಟದಲ್ಲಿ ನೆಲೆಯಾಗುತ್ತದೆ. ನೀವು ಪುನಃ ಹಸಿರು ಕೊಡಲಾರಂಭಿಸಿದರೂ ಇಷ್ಟೇ ಕಾಲ ಕಾಯಬೇಕಾಗುತ್ತದೆ.

ಗಾಢ ಬಣ್ಣವನ್ನೇ ಉತ್ತಮ ಮೊಟ್ಟೆಯ ಗುರುತೆಂದು ನಾನು ಒಪ್ಪದಿರುವುದಕ್ಕೆ ಕಾರಣವಿದೆ: ಬಣ್ಣವನ್ನು ಆಹಾರದಲ್ಲಿ ಬೆರೆಸಿ ಬೇಕಾದ ಮಟ್ಟಕ್ಕೆ ತರಬಹುದು. ಉದ್ಯಮದಲ್ಲಿ ಹಳದಿಯ ಬಣ್ಣವನ್ನು ಅಳೆಯಲು ಬೀಸಣಿಗೆಯಂತೆ ಬಿಡಿಸಬಹುದಾದ, 1ರಿಂದ 15ರವರೆಗೆ ಸಂಖ್ಯೆ ಹಾಕಿದ ಪಟ್ಟಿಗಳು ಬಹುಕಾಲದಿಂದ ಬಳಕೆಯಲ್ಲಿವೆ. ಗ್ರಾಹಕರು ಬಯಸುವ ಸಂಖ್ಯೆಗೆ ತಕ್ಕಂತೆ ಚೆಂಡುಹೂವಿನ ದಳದ ಸಾರ, ಕೆಂಪು ಮೆಣಸಿನಕಾಯಿಯ ಸಾರ ಅಥವಾ ಕೃತಕವಾಗಿ ತಯಾರಿಸಿದ ಕ್ಯಾಂಥಾಕ್ಸಾಂಥಿನ್‌ನಂತಹ ವಸ್ತುಗಳನ್ನು ಫೀಡ್‌ಗೆ ಸೇರಿಸಲಾಗುತ್ತದೆ. (ಮೆಣಸಿನಕಾಯಿಯ ಖಾರ ಕೋಳಿಗೆ ತೊಂದರೆ ಕೊಡುವುದಿಲ್ಲ, ಖಾರವನ್ನು ಗ್ರಹಿಸುವ ನರಗ್ರಾಹಕವು ಹಕ್ಕಿಗಳಲ್ಲಿ ಆ ಪದಾರ್ಥಕ್ಕೆ ಸ್ಪಂದಿಸುವುದಿಲ್ಲ.) ಇವು ಮಿತಿಯಲ್ಲಿದ್ದರೆ ಅಪಾಯಕಾರಿಯಲ್ಲ, ಕ್ಯಾಂಥಾಕ್ಸಾಂಥಿನ್‌ಗೆ ಯುರೋಪಿಯನ್ ಒಕ್ಕೂಟವು ಮೊಟ್ಟೆ ಕೋಳಿಗಳ ಆಹಾರದಲ್ಲಿ ಕಿಲೋಗೆ 8 ಮಿಲಿಗ್ರಾಂ ಎಂಬ ಮಿತಿ ಹಾಕಿದೆ. ಆದರೆ ಬಣ್ಣದ ಮೇಲಿನ ಮೋಹ ದುರಾಸೆಗೂ ದಾರಿ ಮಾಡಬಲ್ಲದು. ಚೀನಾದಲ್ಲಿ 2006ರಲ್ಲಿ ಬಾತುಕೋಳಿಗಳಿಗೆ ಆಹಾರದಲ್ಲಿ ನಿಷಿದ್ಧವಾದ ಸುಡಾನ್ ಬಣ್ಣ ತಿನ್ನಿಸಿ, ಕೆಂಪು ಹಳದಿಯ ಮೊಟ್ಟೆಗಳನ್ನು ಮಾರಿದ ಪ್ರಕರಣ ಹೊರಬಿತ್ತು.

ಹಾಗೆಂದು ಬಣ್ಣಕ್ಕೆ ಬೆಲೆಯೇ ಇಲ್ಲವೆಂದು ಹೇಳಿದರೆ ತಪ್ಪಾಗುತ್ತದೆ. ಲ್ಯೂಟಿನ್ ಮತ್ತು ಝಿಯಾಕ್ಸಾಂಥಿನ್‌ಗಳು ನಮ್ಮ ಕಣ್ಣಿನ ಅಕ್ಷಿಪಟಲದ ನಡುಭಾಗದಲ್ಲಿ ಸಂಗ್ರಹವಾಗುವ ವಸ್ತುಗಳು, ಮತ್ತು ಹಳದಿಯಲ್ಲಿ ಕೊಬ್ಬಿನ ಜೊತೆಗಿರುವುದರಿಂದ ಅವು ನಮ್ಮ ದೇಹಕ್ಕೆ ಸುಲಭವಾಗಿ ಹೀರಲ್ಪಡುತ್ತವೆ. ಹಸಿರು ಮತ್ತು ಮೆಕ್ಕೆಜೋಳದಿಂದ ಬಂದ ಬಣ್ಣದಲ್ಲಿ ಈ ಲಾಭವಿದೆ. ಕೆಂಪು ವರ್ಣದ್ರವ್ಯ ಸೇರಿಸಿ ಕಿತ್ತಳೆಗೆ ತಿರುಗಿಸಿದ ಬಣ್ಣದಲ್ಲಿ ಅದೇ ಲಾಭವನ್ನು ನಿರೀಕ್ಷಿಸುವಂತಿಲ್ಲ. ಎರಡನ್ನೂ ಕಣ್ಣಳತೆಯಿಂದ ಪ್ರತ್ಯೇಕಿಸುವುದು ಕಷ್ಟ.

ಇನ್ನು ಗುಣದ ಮಾತು. ಮೊಟ್ಟೆಯ ಪ್ರೋಟೀನ್ ಪ್ರಮಾಣ ಆಹಾರದಿಂದ ಹೆಚ್ಚು ಬದಲಾಗುವುದಿಲ್ಲ. ಪ್ರೋಟೀನ್ ಕೊರತೆಯಾದರೆ ಕೋಳಿ ಸಣ್ಣ ಮೊಟ್ಟೆಯನ್ನೋ ಕಡಿಮೆ ಮೊಟ್ಟೆಗಳನ್ನೋ ಇಡುತ್ತದೆಯೇ ಹೊರತು ಸತ್ವಹೀನ ಬಿಳಿ ಲೋಳೆಯನ್ನಲ್ಲ. ಕೊಲೆಸ್ಟೆರಾಲ್ ಕೂಡ ಬಹುತೇಕ ಹಾಗೆಯೇ ಉಳಿಯುತ್ತದೆ. ಎ, ಡಿ, ಇ ಜೀವಸತ್ವಗಳು, ಬಿ ಗುಂಪಿನ ಹಲವು ಜೀವಸತ್ವಗಳು, ಅಯೋಡಿನ್, ಸೆಲೆನಿಯಂ ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಕೊಬ್ಬಿನ ಸ್ವರೂಪ ಮಾತ್ರ ಆಹಾರವನ್ನು ನೇರವಾಗಿ ಹಿಂಬಾಲಿಸುತ್ತವೆ. ಅಗಸೆ ಬೀಜ ತಿಂದ ಕೋಳಿಯ ಹಳದಿಯಲ್ಲಿ ಒಮೆಗಾ-3 ಕೊಬ್ಬಿನಾಮ್ಲಗಳು ಸ್ಪಷ್ಟವಾಗಿ ಏರುತ್ತವೆ, ಆದರೆ ಬಣ್ಣದಲ್ಲಿ ಅದರ ಸುಳಿವೂ ಸಿಗುವುದಿಲ್ಲ. ಗೋಧಿ ಆಧಾರಿತ ಆಹಾರಕ್ಕೆ ಜೀವಸತ್ವ, ಖನಿಜಗಳನ್ನು ಸರಿಯಾಗಿ ಬೆರೆಸಿದ್ದರೆ ಅದರಿಂದ ಬಂದ ಪೇಲವ ಮೊಟ್ಟೆಯು ಬರಿಯ ಮೆಕ್ಕೆಜೋಳದ ಮೇಲೆ ಬದುಕಿದ ಕೋಳಿಯ ಹೊಂಬಣ್ಣದ ಮೊಟ್ಟೆಗಿಂತ ಪುಷ್ಟಿಕರವಾಗಿರಬಲ್ಲದು.

ಆಹಾರದಿಂದ ಕೆಡುಕೂ ಆಗುತ್ತದೆ, ಮತ್ತು ಈ ವಿಚಾರದಲ್ಲಿ ಎಚ್ಚರಿಕೆ ಅಗತ್ಯ. ಅಗಸೆ ಅಥವಾ ಮೀನೆಣ್ಣೆ ಅತಿಯಾದರೆ ಮೊಟ್ಟೆಗೆ ಮೀನಿನ ವಾಸನೆ ಬರುತ್ತದೆ. ಕಂದು ಮೊಟ್ಟೆ ಇಡುವ ಕೆಲವು ಕೋಳಿಗಳಲ್ಲಿ ಟ್ರೈಮಿಥೈಲ್‌ಅಮೀನ್ ಎಂಬ ವಾಸನೆಯ ವಸ್ತುವನ್ನು ನಿವಾರಿಸುವ ಕಿಣ್ವವು ವಂಶವಾಹಿಯ ದೋಷದಿಂದ ದುರ್ಬಲವಾಗಿರುವುದರಿಂದ, ಅವು ಸಾಸಿವೆ ಜಾತಿಯ ಬೀಜಗಳ ಹಿಂಡಿ ತಿಂದರೂ ಇದೇ ವಾಸನೆ ಕಾಣಿಸಿಕೊಳ್ಳುತ್ತದೆ. ಹತ್ತಿಬೀಜದ ಹಿಂಡಿಯಲ್ಲಿರುವ ಗಾಸಿಪಾಲ್‌ನಿಂದ ಸಂಗ್ರಹಿಸಿಟ್ಟ ಮೊಟ್ಟೆಯ ಹಳದಿ ಮಾಸಲು ಹಸಿರು ಅಥವಾ ಕಂದಾಗಿ, ಅದೇ ಬೀಜದ ಎಣ್ಣೆಯಲ್ಲಿರುವ ಕೆಲವು ಕೊಬ್ಬಿನಾಮ್ಲಗಳಿಂದ ಬಿಳಿ ಲೋಳೆ ನಸುಗೆಂಪಾಗುತ್ತದೆ. ಆದರೆ ಹೆಚ್ಚು ಹೊತ್ತು ಬೇಯಿಸಿದಾಗ ಹಳದಿಯ ಸುತ್ತ ಕಾಣುವ ಹಸಿರು ಅಂಚಿಗೂ ಆಹಾರಕ್ಕೂ ಸಂಬಂಧವಿಲ್ಲ. ಅದು ಹಳದಿಯ ಕಬ್ಬಿಣ ಮತ್ತು ಬಿಳಿಯ ಗಂಧಕ ಸೇರಿ ಆಗುವ ಬಣ್ಣ.

ನಿಮ್ಮ ಕೋಳಿಗಳ ವಿಷಯದಲ್ಲಿ, ಹೊಸ ಆಹಾರವು ಮೊಟ್ಟೆ ಕೋಳಿಗಳಿಗೆಂದೇ ಸಮತೋಲನವಾಗಿ ತಯಾರಿಸಿದ್ದಾದರೆ ಅದನ್ನು ಬಿಡಬೇಡಿ. ಅದರ ಜೊತೆಗೆ ದಿನವೂ ಸೊಪ್ಪು ಕೊಡಿ ಅಥವಾ ಹುಲ್ಲಿನ ಮೇಲೆ ಓಡಾಡಲು ಬಿಡಿ. ಸೊಪ್ಪು, ಕಾಳುಗಳಂತಹ ಹೆಚ್ಚುವರಿ ತಿನಿಸು ಮುಖ್ಯ ಆಹಾರವನ್ನು ತಿನ್ನದಷ್ಟು ಹೊಟ್ಟೆ ತುಂಬಿಸದಿರಲಿ, ಏಕೆಂದರೆ ಒಂದು ಚಿಪ್ಪಿಗೇ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು, ಅದು ಸೊಪ್ಪು ಕಾಳುಗಳಿಂದ ದೊರೆಯುವುದಿಲ್ಲ. ಮೆಕ್ಕೆಜೋಳವನ್ನು ಬಹುಕಾಲ ದಾಸ್ತಾನಿಟ್ಟರೆ ಅದರ ವರ್ಣದ್ರವ್ಯ ಕ್ಷೀಣಿಸುತ್ತದೆ ಎಂಬುದನ್ನೂ ಗಮನದಲ್ಲಿಡಿ. ಇಷ್ಟಾಗಿಯೂ ಎರಡು ಮೂರು ವಾರಗಳಲ್ಲಿ ಬಣ್ಣ ಮರಳದಿದ್ದರೆ, ಅಥವಾ ಒಂದೇ ಗುಂಪಿನಲ್ಲಿ ಕೆಲವು ಕೋಳಿಗಳ ಮೊಟ್ಟೆ ಮಾತ್ರ ಪೇಲವವಾಗಿದ್ದರೆ, ಜಂತುಹುಳು, ಕಾಕ್ಸಿಡಿಯೋಸಿಸ್ (ಸೂಕ್ಷ್ಮ ಪರಾವಲಂಬಿಗಳಿಂದ ಬರುವ ಕರುಳಿನ ರೋಗ) ಅಥವಾ ಬೂಷ್ಟು ಹಿಡಿದ ಆಹಾರದ ಅಫ್ಲಾಟಾಕ್ಸಿನ್ ವಿಷದ ಶಂಕೆ ಇರಲಿ. ಇವು ಕರುಳು ಮತ್ತು ಯಕೃತ್ತಿನ ಕೆಲಸ ಕೆಡಿಸಿ ವರ್ಣದ್ರವ್ಯ ರಕ್ತಕ್ಕೆ ಸೇರುವುದನ್ನೇ ತಡೆಯುತ್ತವೆ. ಆಗ ಹಿಕ್ಕೆಯ ಮಾದರಿಯನ್ನೂ ಆಹಾರದ ಮಾದರಿಯನ್ನೂ ತೆಗೆದುಕೊಂಡು ಪಶುವೈದ್ಯರ ಬಳಿಗೆ ಹೋಗಿ.